ಹಿನ್ನೆಲೆಯಲ್ಲಿ ಓಡುವ ಮಕ್ಕಳು

"ಗ್ರಾಹಕರಿಗೆ ಏನೂ ಗೊತ್ತಾಗಲ್ಲ ತಾನೆ?" ಅಂತ ನಮ್ಮ ಲೀಡ್ ಕೇಳಿದಾಗ ಕೈಯಲ್ಲಿದ್ದ ಕಾಫಿ ಕಪ್ಪನ್ನು ಕೆಳಗೂ ಇಡದೆ ಹೇಳಿದ್ದೆ: "ಏನೂ ಗೊತ್ತಾಗಲ್ಲ. ಅದು ಹಿನ್ನೆಲೆಯಲ್ಲಿ ಓಡತ್ತೆ. ಅದರ ಪಾಡಿಗೆ ಅದು, ಇದರ ಪಾಡಿಗೆ ಇದು."

ಅದು ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆ. ಅದೇ ದಿನ ರಾತ್ರಿ ಎಂಟೂವರೆಗೆ, ಮನೆಮನೆಗೆ ದಿನಸಿ ತಲುಪಿಸುವ ನಮ್ಮ ಆ್ಯಪ್ ಮುಂದೆ ಕೂತ ಸಾವಿರಾರು ಜನ, ತಿರುಗುತ್ತಲೇ ಇದ್ದ ಚಕ್ರ ನೋಡುತ್ತಾ ನಮಗೆ ಶಾಪ ಹಾಕುತ್ತಿದ್ದರು.

ಏನಾಯ್ತು ಅಂತ ಹೇಳೋ ಮುಂಚೆ, ಈ ಲೋಕ ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ಗೊತ್ತಿರುವವರು ಮುಂದಿನ ಒಂದೆರಡು ಪ್ಯಾರಾ ಹಾರಿಸಿ, ನಾನೇನೂ ಅಂದುಕೊಳ್ಳಲ್ಲ.

ಎಂಜಿನ್‌ಎಕ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ. ಇಗೊರ್ ಸಿಸೊಯೆವ್ ಅನ್ನೋ ರಷ್ಯಾದ ಎಂಜಿನಿಯರ್ ಬರೆದು 2004ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ನೀವು ದಿನಾ ನೋಡುವ ಎಷ್ಟೋ ವೆಬ್‌ಸೈಟುಗಳ ಬಾಗಿಲಲ್ಲಿ ನಿಂತಿರೋದು ಇದೇ. ಇದರ ಕೆಲಸವನ್ನು ನಮ್ಮ ಹೋಟೆಲಿನ ಒಳ್ಳೇ ಸಪ್ಲೈಯರ್‌ಗೆ ಹೋಲಿಸಬಹುದು. ಒಬ್ಬನೇ ಹತ್ತು ಟೇಬಲ್ ನೋಡಿಕೊಳ್ತಾನೆ. ಒಂದು ಟೇಬಲ್ಲಿನ ದೋಸೆ ಬೇಯುವವರೆಗೂ ಅಡುಗೆಮನೆ ಬಾಗಿಲಲ್ಲಿ ಕಾಯುತ್ತಾ ನಿಲ್ಲಲ್ಲ, ಅಷ್ಟರಲ್ಲಿ ಇನ್ನೊಂದು ಟೇಬಲ್ಲಿಗೆ ನೀರಿಟ್ಟು ಬರ್ತಾನೆ. ಎಂಜಿನ್‌ಎಕ್ಸ್ ಹೆಸರು ಮಾಡಿದ್ದು ಈ ಒಂದು ಗುಣದಿಂದ.

ಈಗ ಗಿರಾಕಿ "ಒಂದು ಮಸಾಲೆ" ಅಂತಾನೆ. ಸಪ್ಲೈಯರ್ ಒಳಗೆ ಹೋಗಿ ಒಂದಲ್ಲ, ಎರಡು ಮೂರು ಮಾತು ಹೇಳಬೇಕಾಗಬಹುದು. ದೋಸೆಯವನಿಗೆ ಒಂದು, ಚಟ್ನಿಯವನಿಗೆ ಒಂದು, ಗಲ್ಲದ ಮೇಲೆ ಕೂತವರಿಗೆ ಒಂದು. ಗಿರಾಕಿಗೆ ಇದ್ಯಾವುದೂ ಕಾಣಲ್ಲ, ಅವನು ಕೇಳಿದ್ದು ಒಂದೇ. ಆ ಒಂದು ಕೋರಿಕೆಯ ಹೊಟ್ಟೆಯಿಂದ ಒಳಗೊಳಗೇ ಹುಟ್ಟುವ ಈ ಚಿಕ್ಕ ಕೋರಿಕೆಗಳಿಗೆ ಎಂಜಿನ್‌ಎಕ್ಸ್‌ನಲ್ಲಿ ಸಬ್‌ರಿಕ್ವೆಸ್ಟ್ ಅಂತಾರೆ. ಹುಟ್ಟಿಸಿದ್ದು ಪೇರೆಂಟ್, ಹುಟ್ಟಿದ್ದು ಚೈಲ್ಡ್. ಹೆಸರಿಟ್ಟಿದ್ದು ನಾನಲ್ಲ, ನಮ್ಮ ಲೋಕದಲ್ಲಿ ಎಲ್ಲದಕ್ಕೂ ಹೀಗೇ ಸಂಸಾರದ ಹೆಸರು.

ಈ ಮಕ್ಕಳಲ್ಲಿ ಎರಡು ಜಾತಿ. ಒಂದು, ತಾಯಿಯನ್ನು ಕಾಯಿಸುವ ಮಗು. ಉದಾಹರಣೆಗೆ 2013ರಲ್ಲಿ ಎಂಜಿನ್‌ಎಕ್ಸ್ ಒಳಗೇ ಸೇರಿಕೊಂಡ ಆಥ್ ರಿಕ್ವೆಸ್ಟ್. ಗಿರಾಕಿ ಬಂದ ಕೂಡಲೇ "ಇವರು ಲಾಗಿನ್ ಆಗಿದ್ದಾರಾ?" ಅಂತ ಕೇಳಿಕೊಂಡು ಬರೋಕೆ ಒಂದು ಮಗುವನ್ನು ಕಳಿಸ್ತೀವಿ. ಅದು 200 ತಂದರೆ ಒಳಗೆ ಬಿಡೋದು, 401 ಅಥವಾ 403 ತಂದರೆ ಬಾಗಿಲು ಹಾಕೋದು. ಮಗು ವಾಪಸ್ ಬರುವವರೆಗೂ ತಾಯಿ ಅಲ್ಲೇ ನಿಂತಿರಬೇಕು.

ಇನ್ನೊಂದು, ಹಿನ್ನೆಲೆಯಲ್ಲಿ ಓಡುವ ಮಗು. 2017ರಲ್ಲಿ ಇಂಥವು ಎರಡು ಬಂದವು. ಮೊದಲನೆಯದು ಹಳೇ ಡಿಕಾಕ್ಷನ್ ಕೆಲಸ. ಕ್ಯಾಶ್‌ನಲ್ಲಿ ಇರೋದು ಸ್ವಲ್ಪ ಹಳೆಯದಾಗಿದ್ರೂ ಗಿರಾಕಿಗೆ ಅದನ್ನೇ ಕೊಟ್ಟು ಕಳಿಸಿ, ಹಿಂದಿನಿಂದ ಹೊಸ ಡಿಕಾಕ್ಷನ್‌ಗೆ ಇಡೋದು. ಎರಡನೆಯದು ಮಿರರ್. ಇದು ಹೊಸ ಅಡುಗೆಯವನ ಪರೀಕ್ಷೆ. ಗಿರಾಕಿ ಕೇಳಿದ್ದನ್ನು ಹಳೇ ಅಡುಗೆಯವನಿಗೆ ಹೇಳೋದರ ಜೊತೆಗೆ ಹೊಸಬನಿಗೂ ಕೂಗಿ ಹೇಳೋದು. ಅವನೂ ದೋಸೆ ಹಾಕ್ತಾನೆ. ಆದರೆ ಅವನ ದೋಸೆ ಯಾರ ಎಲೆಗೂ ಹೋಗಲ್ಲ, ಬಿಸಾಕ್ತೀವಿ. ನಿಜವಾದ ಸಂಜೆಯ ರಶ್ಶನ್ನು ಅವನು ತಡಕೊಳ್ತಾನಾ ಅಂತ ನೋಡೋದಷ್ಟೇ ಉದ್ದೇಶ.

ನಾನು ಆ ಮಂಗಳವಾರ ಹಾಕಿದ್ದು ಈ ಮಿರರ್.

ಅದಕ್ಕೂ ಮುಂಚೆ ಒಂದು ಹಳೇ ಪಾಠ ಹೇಳಬೇಕು, ಯಾಕೆಂದರೆ ಆಮೇಲೆ ಅದು ಬೇರೆ ಕಡೆ ನನ್ನನ್ನು ಚುಚ್ಚಿತು. ಒಮ್ಮೆ ನಮ್ಮಲ್ಲಿ ವಿಚಿತ್ರವಾಗಿ ಕೆಲವು ಆರ್ಡರ್‌ಗಳು ಲಾಗಿನ್ ಸರ್ವರ್‌ಗೆ ಹೋಗಿ, ಅದು "ನಂಗೇನೂ ಗೊತ್ತಿಲ್ಲ" ಅಂತ 404 ಕೊಡುತ್ತಿತ್ತು. ಎರಡು ದಿನ ತಲೆ ಕೆರಕೊಂಡ ಮೇಲೆ ಸಿಕ್ಕಿದ್ದು ಇಷ್ಟು: ತಾಯಿ ಭಾಗದಲ್ಲಿ ಟಾರ್ಗೆಟ್ ಅನ್ನೋ ವೇರಿಯೇಬಲ್ ಇತ್ತು, ಯಾವ ಸರ್ವರ್‌ಗೆ ಕಳಿಸಬೇಕು ಅನ್ನೋದು ಅದರಲ್ಲಿತ್ತು. ಲಾಗಿನ್ ವಿಚಾರಿಸೋ ಮಗುವಿನ ಭಾಗದಲ್ಲೂ ಯಾರೋ ಅದೇ ಹೆಸರಿನ ವೇರಿಯೇಬಲ್ ಬರೆದಿದ್ದರು. ಎರಡೂ ಬೇರೆ ಬೇರೆ ಅಂದುಕೊಂಡಿದ್ದೆವು. ಆದರೆ ಆಥ್ ರಿಕ್ವೆಸ್ಟ್‌ನಲ್ಲಿ ತಾಯಿಗೂ ಮಗುವಿಗೂ ವೇರಿಯೇಬಲ್ಲಿನ ಡಬ್ಬಿ ಒಂದೇ. ಮಗು ಹೋಗಿ ತನ್ನ ಅನುಕೂಲಕ್ಕೆ ಬೆಲೆ ಬದಲಾಯಿಸಿ ಬಂದರೆ, ತಾಯಿಗೂ ಅದೇ ಬದಲಾಗಿರತ್ತೆ. ಲುವಾ ಸೇರಿಸಿಕೊಂಡ ಎಂಜಿನ್‌ಎಕ್ಸ್‌ನಲ್ಲಿ ಹುಟ್ಟಿಸುವ ಮಕ್ಕಳಿಗೆ ಬೇರೆ ಡಬ್ಬಿ ಕೊಡ್ತಾರೆ, ಕೇಳಿದರೆ ಮಾತ್ರ ಹಂಚಿಕೊಳ್ಳೋದು. ಇಲ್ಲಿ ಹಾಗಲ್ಲ. ಹೆಸರು ಬದಲಾಯಿಸಿ ಕೈ ತೊಳಕೊಂಡೆವು.

ಸರಿ, ಮಂಗಳವಾರಕ್ಕೆ ಬರ್ತೀನಿ.

ಮಿರರ್ ಹಾಕೋಕೆ ಬೇಕಾಗಿದ್ದು ಒಂದು ಸಾಲು, ಜೊತೆಗೆ ಹೊಸ ಸರ್ವರ್‌ನ ವಿಳಾಸ ಹೇಳುವ ನಾಲ್ಕು ಸಾಲು. ಹನ್ನೊಂದೂವರೆಗೆ ರಿಲೋಡ್ ಮಾಡಿದೆ. ಎಲ್ಲಾ ಗ್ರಾಫ್ ನೆಟ್ಟಗಿದ್ದವು. ಮಧ್ಯಾಹ್ನ ನಿಶ್ಚಿಂತೆಯಿಂದ ಊಟ ಮಾಡಿದೆ. ಸಂಜೆ ಏಳೂವರೆಗೆ ಜನ ಆಫೀಸಿಂದ ಮನೆಗೆ ಬಂದು ಮೊಸರು, ಬ್ರೆಡ್ಡು, ಕೊತ್ತಂಬರಿ ಸೊಪ್ಪು ಆರ್ಡರ್ ಮಾಡೋ ಹೊತ್ತು. ಎಂಟು ಗಂಟೆಗೆ ಮೊದಲ ದೂರು ಬಂತು. ಎಂಟೂಕಾಲಿಗೆ ದೂರುಗಳು ಸುರಿಯತೊಡಗಿದವು.

ತಲೆ ಕೆಡಿಸಿದ್ದು ಏನೆಂದರೆ, ನಮ್ಮ ಹಳೇ ಸರ್ವರ್‌ಗಳು ಆರಾಮಾಗಿದ್ದವು. ಸಿಪಿಯು ಇಲ್ಲ, ಮೆಮೊರಿ ಇಲ್ಲ, ಡೇಟಾಬೇಸ್ ಇಲ್ಲ, ಯಾವುದರ ಮೇಲೂ ಭಾರ ಇಲ್ಲ. ಆ್ಯಪ್ ತೆಗೆದರೆ ಒಂದು ಸಲ ಚಕಚಕ ಅಂತ ಬರತ್ತೆ, ಮುಂದಿನ ಸಲ ಮುಟ್ಟಿದರೆ ನಿಂತೇ ಬಿಡತ್ತೆ. ಹೊಸ ಸರ್ವರ್ ಏದುಸಿರು ಬಿಡುತ್ತಿದ್ದದ್ದು ಗೊತ್ತಿತ್ತು. ಚಿಕ್ಕ ಮಷೀನು, ಡೇಟಾಬೇಸ್ ಕನೆಕ್ಷನ್‌ಗಳೆಲ್ಲ ಖಾಲಿಯಾಗಿ ಕೋರಿಕೆಗಳು ಅಲ್ಲೇ ಸಿಕ್ಕಿಕೊಂಡಿದ್ದವು. ಆದರೆ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ಅದು ಹಿನ್ನೆಲೆ ತಾನೆ? ಅದರ ಪಾಡಿಗೆ ಅದು ತಾನೆ? ಹಾಗಂತ ಬೆಳಗ್ಗೆ ಹೇಳಿದ್ದವಳು ನಾನೇ.

ಈ ನಡುವೆ ಅಮ್ಮನ ಫೋನ್ ಎರಡು ಸಲ ಬಂತು. ಎರಡು ಸಲವೂ ಕಟ್ ಮಾಡಿದೆ. ತಿಪಟೂರಿನಲ್ಲಿ ಒಬ್ಬಳೇ ಇರ್ತಾಳೆ ಅಮ್ಮ. ಎರಡನೇ ಸಲ ಕಟ್ ಮಾಡಿ, "ಕೆಲಸ, ಆಮೇಲೆ" ಅಂತ ಮೆಸೇಜ್ ಹಾಕಿದೆ. "ಸರಿ ಪುಟ್ಟಿ ಏನಿಲ್ಲ ಸುಮ್ನೆ" ಅಂತ ಉತ್ತರ ಬಂತು.

ಒಂಬತ್ತೂವರೆಗೆ ನಮ್ಮ ಹುಡುಗನೊಬ್ಬ ಆಕ್ಸೆಸ್ ಲಾಗ್ ತೆಗೆದು ಎರಡು ಕಾಲಂ ಪಕ್ಕಪಕ್ಕ ಇಟ್ಟ. ಹಳೇ ಸರ್ವರ್ ಉತ್ತರ ಕೊಡೋಕೆ ತಗೊಂಡ ಸಮಯ: 0.041 ಸೆಕೆಂಡ್. ಇಡೀ ಕೋರಿಕೆಗೆ ಹಿಡಿದ ಸಮಯ: 60 ಸೆಕೆಂಡ್. ಸಾಲು ಸಾಲಾಗಿ ಹೀಗೇ ಇತ್ತು. ಅಡುಗೆಯವನು ಕಣ್ಣು ಮಿಟುಕಿಸೋದರಲ್ಲಿ ದೋಸೆ ಕೊಟ್ಟಿದ್ದಾನೆ, ಸಪ್ಲೈಯರ್ ಮಾತ್ರ ಒಂದು ನಿಮಿಷ ಆದಮೇಲೆ "ಮುಗೀತು" ಅಂತ ಬರೆದಿದ್ದಾನೆ. ಆ ಒಂದು ನಿಮಿಷ ಏನು ಮಾಡುತ್ತಿದ್ದ?

60 ಅನ್ನೋ ಅಂಕಿ ನೋಡಿದ ಕೂಡಲೇ ಹೊಟ್ಟೆಯಲ್ಲಿ ತಣ್ಣಗಾಯ್ತು. ನಾವೇನೂ ಹೇಳದೆ ಬಿಟ್ಟರೆ, ಹಿಂದಿನ ಸರ್ವರ್‌ನ ಉತ್ತರಕ್ಕೆ ಎಂಜಿನ್‌ಎಕ್ಸ್ ಕಾಯೋದು 60 ಸೆಕೆಂಡ್. ನಾನು ಮಿರರ್‌ಗೆ ಏನೂ ಹೇಳದೆ ಬಿಟ್ಟಿದ್ದೆ. ಕಾನ್ಫಿಗ್ ತೆಗೆದು ಆ ಒಂದು ಸಾಲಿನ ಮುಂದೆ ಹ್ಯಾಶ್ ಹಾಕಿ ರಿಲೋಡ್ ಮಾಡಿದೆ. ಸ್ವಲ್ಪ ಹೊತ್ತಲ್ಲಿ ಎಲ್ಲಾ ಸರಿಹೋಯ್ತು.

ಆಗಿದ್ದು ಇಷ್ಟು. ಹಿನ್ನೆಲೆಯ ಮಗು ಅಂದರೆ, ಗಿರಾಕಿಗೆ ಉತ್ತರ ಕೊಡೋಕೆ ತಾಯಿ ಆ ಮಗುವಿಗಾಗಿ ಕಾಯಬೇಕಾಗಿಲ್ಲ ಅಂತ ಮಾತ್ರ ಅರ್ಥ. ಉತ್ತರ ಕೊಟ್ಟಾಯ್ತು, ಗಿರಾಕಿ ತಿಂದೂ ಆಯ್ತು. ಆದರೆ ಪ್ರತಿ ತಾಯಿಯ ಹತ್ತಿರ ಒಂದು ಎಣಿಕೆ ಇರತ್ತೆ. ಮಗು ಹುಟ್ಟಿದಾಗ ಒಂದು ಕೂಡತ್ತೆ, ಮಗು ಮುಗಿಸಿದಾಗ ಒಂದು ಕಳೆಯತ್ತೆ. ಆ ಎಣಿಕೆ ಸೊನ್ನೆ ಆಗುವವರೆಗೂ ತಾಯಿಯ ಲೆಕ್ಕ ಮುಚ್ಚಲ್ಲ, ಲಾಗ್‌ನಲ್ಲಿ ಸಾಲೂ ಬೀಳಲ್ಲ. ಹಿನ್ನೆಲೆಯಲ್ಲಿ ಓಡಿದರೂ ಮಗು ಈ ಎಣಿಕೆಯಲ್ಲಿ ಸೇರಿರತ್ತೆ.

ಲೆಕ್ಕ ಮುಚ್ಚದಿದ್ದರೆ ಏನು ನಷ್ಟ ಅಂತೀರಾ? ನಮ್ಮ ಎಂಜಿನ್‌ಎಕ್ಸ್ ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಇದೆ. ಅದು ಪ್ರತಿ ಕೋರಿಕೆಗೂ ಹೊಸದಾಗಿ ಫೋನ್ ಮಾಡಲ್ಲ. ಒಂದು ಸಲ ಹಚ್ಚಿದ ಲೈನನ್ನು ಇಡದೆ, ಒಂದಾದ ಮೇಲೆ ಒಂದು ಕೋರಿಕೆಯನ್ನು ಅದೇ ಲೈನಿನಲ್ಲಿ ಕಳಿಸತ್ತೆ. ಹಿಂದಿನದಕ್ಕೆ ಉತ್ತರ ಬಂತಲ್ಲ ಅಂತ ಅದು ಮುಂದಿನದನ್ನು ಕಳಿಸಿದೆ. ಇತ್ತ ತಾಯಿಯ ಲೆಕ್ಕ ಇನ್ನೂ ತೆರೆದೇ ಇದೆ. ಹಾಗಾಗಿ ಆ ಲೈನಿನ ಮುಂದಿನ ಕೋರಿಕೆಯನ್ನು ಎಂಜಿನ್‌ಎಕ್ಸ್ ಕೈಗೇ ತಗೊಳ್ಳಲಿಲ್ಲ. ಹೊಸ ಅಡುಗೆಯವನ ಬಿಸಾಕೋ ದೋಸೆ ಕಾವಲಿಯಿಂದ ಏಳುವವರೆಗೂ, ಅದೇ ಟೇಬಲ್ಲಿನ ಮುಂದಿನ ಗಿರಾಕಿ ಬಾಯಿ ಬಿಟ್ಟುಕೊಂಡು ಕೂತಿರಬೇಕು. ಇನ್ನೊಂದು ತಮಾಷೆ ಅಂದರೆ, ಮಕ್ಕಳ ಹೆಸರು ಆಕ್ಸೆಸ್ ಲಾಗ್‌ನಲ್ಲಿ ತಾನಾಗಿ ಬರಲ್ಲ, ಬರಲಿ ಅಂತ ನಾವು ಬೇರೆಯಾಗಿ ಹೇಳಬೇಕು. ತಾಯಿ ಯಾಕೆ ತಡಮಾಡಿದಳು ಅಂತ ನೋಡಿದರೆ ಅಲ್ಲಿ ಕಾರಣವೇ ಇಲ್ಲ, ತಡ ಮಾತ್ರ ಇದೆ.

ರಾತ್ರಿ ಹನ್ನೊಂದೂಮುಕ್ಕಾಲಿಗೆ ಮನೆ ಸೇರಿ ಅಮ್ಮನಿಗೆ ಫೋನ್ ಮಾಡಿದೆ. ಒಂದು ರಿಂಗ್ ಪೂರ್ತಿ ಆಗೋ ಮುಂಚೆ ಎತ್ತಿದಳು.

"ಮಲಗಿರಲಿಲ್ವಾ?"

"ಮಲಗಿದ್ದೆ ಕಣೆ, ಫೋನ್ ಪಕ್ಕದಲ್ಲೇ ಇತ್ತು. ಊಟ ಆಯ್ತಾ?"

"ಆಯ್ತು. ಯಾಕೆ ಫೋನ್ ಮಾಡಿದ್ದೆ?"

"ಏನಿಲ್ಲ. ನೀನು ಮಲಕ್ಕೋ."

ಮರುದಿನ ಆಫೀಸಿನಲ್ಲಿ, ನಿನ್ನೆ ಏನಾಯ್ತು, ಯಾಕಾಯ್ತು, ಮುಂದೆ ಆಗದ ಹಾಗೆ ಏನು ಮಾಡ್ತೀರಿ ಅಂತ ಬರೆದುಕೊಡೋ ಕಾಗದ ನನ್ನ ಪಾಲಿಗೆ ಬಂತು. ಬರೆಯುತ್ತಾ ಬರೆಯುತ್ತಾ ಒಂದು ವಾಕ್ಯ ಬಂತು: ಪೇರೆಂಟ್ ತನ್ನ ಉತ್ತರ ಕೊಟ್ಟು ಮುಗಿಸಿತ್ತು, ಆದರೆ ಚೈಲ್ಡ್ ಮುಗಿಯದೆ ತನ್ನ ಮುಂದಿನ ಕೆಲಸ ಶುರು ಮಾಡುವಂತಿರಲಿಲ್ಲ. ಚೆನ್ನಾಗಿ ಬರೆದಿದ್ದೀನಿ ಅನಿಸಿತು. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಅನಿಸಲಿಲ್ಲ.

ಸಂಜೆ ಚಿಕ್ಕಮ್ಮ ಫೋನ್ ಮಾಡಿದರು. "ನಿಮ್ಮಮ್ಮ ಕಣ್ಣಿನ ಪೊರೆ ಆಪರೇಷನ್ನು ಎರಡು ಸಲ ಮುಂದಕ್ಕೆ ಹಾಕಿದಾಳೆ, ಗೊತ್ತೇನೆ ನಿಂಗೆ?"

ನನಗೆ ಪೊರೆ ಬಂದಿದೆ ಅನ್ನೋದೇ ಗೊತ್ತಿರಲಿಲ್ಲ.

ಯುಗಾದಿಗೆ ಹೋದಾಗ ಅಮ್ಮ ಅಕ್ಕಿ ಆರಿಸೋಕೆ ತಟ್ಟೆಯನ್ನು ಬಾಗಿಲ ಬೆಳಕಿಗೆ ಒಯ್ದಿದ್ದು ನೆನಪಾಯ್ತು. ಅಟ್ಟದಲ್ಲಿ ಕೊಬ್ಬರಿಗೆ ಅಂತ ಇಟ್ಟಿದ್ದ ಕಾಯಿ ನೋಡೋಕೆ ಏಣಿ ಹತ್ತದೆ, ಪಕ್ಕದ ಮನೆ ಹುಡುಗನನ್ನು ಕರೆದಿದ್ದಳು. ವಯಸ್ಸಾಯ್ತು ಅಂದುಕೊಂಡಿದ್ದೆ. ಫೋನ್ ಮಾಡಿ ಕೇಳಿದೆ. ಮೊದಲು "ಅವಳಿಗೇನು ಕೆಲಸ" ಅಂತ ಚಿಕ್ಕಮ್ಮನಿಗೆ ಬೈದಳು. ಆಮೇಲೆ ಒಂದೊಂದೇ ಹೊರಗೆ ಬಂತು.

ಮೊದಲ ಸಲ ಡಾಕ್ಟ್ರು ದಿನ ಕೊಟ್ಟಾಗ ನಾನು "ಈ ತಿಂಗಳು ರಿಲೀಸ್ ಇದೆ, ಉಸಿರಾಡೋಕೆ ಪುರುಸೊತ್ತಿಲ್ಲ" ಅಂದಿದ್ದೆನಂತೆ. ಎರಡನೇ ಸಲ "ಮುಂದಿನ ವಾರ ಆನ್-ಕಾಲ್, ಎಲ್ಲಿಗೂ ಹೋಗೋ ಹಾಗಿಲ್ಲ" ಅಂದಿದ್ದೆನಂತೆ. ಎರಡೂ ನಿಜ. ಎರಡನ್ನೂ ಯಾವುದೋ ಬೇರೆ ಮಾತಿನ ಮಧ್ಯೆ ಹೇಳಿದ್ದೆ, ಅವಳು ಏನೂ ಕೇಳಿರಲಿಲ್ಲ. ಆಪರೇಷನ್ ಅರ್ಧ ದಿನದ ಕೆಲಸ, ಸಂಜೆಗೆ ಮನೆಗೆ ಕಳಿಸ್ತಾರೆ. ಆದರೆ ಜೊತೆಗೆ ಒಬ್ಬರು ಬೇಕು. ಆಮೇಲೆ ಕೆಲವು ವಾರ ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು, ಕಣ್ಣಿಗೆ ನೀರು ಬೀಳಬಾರದು, ಭಾರ ಎತ್ತಬಾರದು.

"ನಂಗೆ ಹೇಳೋದಲ್ವಾ ಅಮ್ಮ?"

"ನೀನು ನಿನ್ನ ಕೆಲಸ ನೋಡ್ಕೊತಾ ಇದೀಯ. ನಿನ್ನ ರಿಲೀಸು ಮುಗೀಲಿ ಅಂತ ನೋಡ್ತಿದ್ದೆ. ನನ್ನದು ಏನು ಅವಸರ?"

"ಆಸ್ಪತ್ರೆಯಿಂದ ಮೆಸೇಜ್ ಬಂದಿರಬೇಕಲ್ಲ, ನನ್ನ ನಂಬರ್‌ಗೆ ಯಾಕೆ ಬರಲಿಲ್ಲ?"

"ಬ್ಯಾಂಕಿಗೆ ನಿನ್ನ ನಂಬರು, ಗ್ಯಾಸಿಗೆ ನಿನ್ನ ನಂಬರು, ಕರೆಂಟಿಗೆ ನಿನ್ನ ನಂಬರು. ನನ್ನದೇ ದುಡ್ಡು ತೆಗೆಯೋಕೆ ನಿನ್ನ ಮೀಟಿಂಗ್ ಮುಗೀಬೇಕು. ಇದೊಂದಕ್ಕಾದ್ರೂ ನನ್ನದೇ ಕೊಟ್ಟೆ."

ಅವಳು ದೂರಿನ ಹಾಗೆ ಹೇಳಲಿಲ್ಲ, ತಮಾಷೆಯಾಗೇ ಹೇಳಿದಳು. ನನಗೆ ಮಾತ್ರ ಆ ಒಂದೇ ಡಬ್ಬಿಯ ವೇರಿಯೇಬಲ್ ನೆನಪಾಯ್ತು. ಅಪ್ಪ ಹೋದ ವರ್ಷ ಎಲ್ಲಾ ಕಡೆ ನಂಬರ್ ಬದಲಾಯಿಸಿದ್ದು ನಾನು. "ಓಟಿಪಿ ಗಲಾಟೆ ನಿಂಗ್ಯಾಕೆ, ನಾನು ನೋಡ್ಕೊತೀನಿ" ಅಂತ ಹೇಳಿ ಉಪಕಾರ ಮಾಡಿದ್ದೆ. ಅವಳ ಬೆಲೆಯ ಮೇಲೆ ನನ್ನ ಬೆಲೆ ಬರೆದು ಬಂದಿದ್ದೆ.

ಬೆಂಗಳೂರಿಗೆ ಬಂದು ಒಂಬತ್ತು ವರ್ಷ ಆಯ್ತು. ನನ್ನ ಬಾಡಿಗೆ ನಾನು ಕಟ್ಟುತ್ತೀನಿ, ನನ್ನ ಜ್ವರಕ್ಕೆ ನಾನೇ ಗಂಜಿ ಮಾಡಿಕೊಳ್ತೀನಿ. ಪ್ರತಿ ತಿಂಗಳು ಒಂದನೇ ತಾರೀಕು ಅಮ್ಮನ ಖಾತೆಗೆ ದುಡ್ಡು ತಾನಾಗೇ ಹೋಗತ್ತೆ. ಯಾರಿಗೂ ಭಾರ ಆಗದೆ ಹಿನ್ನೆಲೆಯಲ್ಲಿ ಓಡ್ತಿದ್ದೀನಿ ಅನ್ನೋದೇ ನನ್ನ ಹೆಮ್ಮೆ. ನನಗಾಗಿ ಯಾರೂ ಕಾಯಬೇಡಿ ಅಂತ ಹೇಳಿದವಳು ನಾನು. ಅಮ್ಮನೂ ಕಾಯ್ತಿದೀನಿ ಅಂತ ಯಾವತ್ತೂ ಹೇಳಲಿಲ್ಲ. "ಏನಿಲ್ಲ, ಮಲಕ್ಕೋ" ಅಂತ ಉತ್ತರ ಕೊಟ್ಟು ಮುಗಿಸುತ್ತಿದ್ದಳು. ಲೆಕ್ಕ ಮಾತ್ರ ಮುಚ್ಚುತ್ತಿರಲಿಲ್ಲ. ಅವಳ ಮುಂದಿನ ಕೆಲಸ, ಅಂದರೆ ಅವಳ ಕಣ್ಣು, ನನ್ನ ಹಿಂದೆ ಸಾಲಿನಲ್ಲಿ ನಿಂತಿತ್ತು.

ಆಫೀಸಿನ ಕಾಗದದಲ್ಲಿ "ಮುಂದೆ ಏನು ಮಾಡ್ತೀರಿ" ಅನ್ನೋ ಭಾಗ ಇನ್ನೂ ಖಾಲಿ ಇತ್ತು. ಅಲ್ಲಿ ಮೂರು ಸಾಲು ಬರೆದೆ. ಒಂದು, ಹಿನ್ನೆಲೆಯ ಮಗುವಿಗೆ ಗಡುವು: 60 ಸೆಕೆಂಡ್ ಅಲ್ಲ, ಒಂದೇ ಸೆಕೆಂಡ್. ಅಷ್ಟರಲ್ಲಿ ಆಗದಿದ್ದರೆ ಬಿಟ್ಟು ಬರಬೇಕು. ಎರಡು, ಬಂದ ಕೋರಿಕೆಗೆಲ್ಲ ಮಗು ಹುಟ್ಟಿಸೋದು ಬೇಡ, ನೂರಕ್ಕೆ ಐದು ಸಾಕು. ಮೂರು, ಇಡೀ ಕೋರಿಕೆಯ ಸಮಯಕ್ಕೂ ಸರ್ವರ್ ತಗೊಂಡ ಸಮಯಕ್ಕೂ ಅಂತರ ಹೆಚ್ಚಿದರೆ ನಮ್ಮ ಫೋನ್ ಹೊಡಕೊಳ್ಳಬೇಕು. ಇಷ್ಟು ಮಾಡಿದರೂ ಮಗು ಪೂರ್ತಿ ಸ್ವತಂತ್ರ ಆಗಲ್ಲ, ಆ ಒಂದು ಸೆಕೆಂಡ್ ತಾಯಿ ಇನ್ನೂ ಹಿಡಿದುಕೊಂಡೇ ಇರ್ತಾಳೆ. ಅದನ್ನೂ ಬರೆದೆ. ಈ ಸಲ "ಗ್ರಾಹಕರಿಗೆ ಏನೂ ಗೊತ್ತಾಗಲ್ಲ" ಅಂತ ಬರೆಯಲಿಲ್ಲ. ಲೀಡ್ ಓದಿ, "ಬೆಳಗ್ಗೆನೇ ಹೀಗೆ ಹೇಳಬಾರದಿತ್ತಾ?" ಅಂದರು.

ಅಮ್ಮನಿಗೂ ಗಡುವು ಹೇಳಿದೆ. "ರಿಲೀಸ್ ಮುಗಿದ ಮೇಲೆ ನೋಡೋಣ" ಅಂತ ಹೇಳಲಿಲ್ಲ. ಅದಕ್ಕೆ ಕೊನೆ ಇಲ್ಲ, ಒಂದು ಮುಗಿಯೋದರಲ್ಲಿ ಇನ್ನೊಂದು ಇರತ್ತೆ. "ಗುರುವಾರ ರಾತ್ರಿ ಬರ್ತೀನಿ, ಶುಕ್ರವಾರ ಆಪರೇಷನ್, ಹತ್ತು ದಿನ ಇರ್ತೀನಿ" ಅಂದೆ. "ಹತ್ತು ದಿನ ರಜೆ ಕೊಡ್ತಾರಾ?" ಅಂದಳು. "ಅದು ನನ್ನ ತಲೆನೋವು" ಅಂದೆ.

ಗುರುವಾರ ಸಂಜೆ ರೈಲು ಹತ್ತಿದೆ. ತುಮಕೂರು ದಾಟಿ, ಗುಬ್ಬಿ, ನಿಟ್ಟೂರು, ಬಾಣಸಂದ್ರ ಅಂತ ಒಂದೊಂದೇ ಸ್ಟೇಷನ್ ಹಿಂದೆ ಸರಿದು ತೆಂಗಿನ ತೋಟಗಳು ಕತ್ತಲಲ್ಲಿ ದಟ್ಟವಾಗುತ್ತಾ ಬಂದವು. ಆನ್-ಕಾಲ್ ಬೇರೆಯವರಿಗೆ ಕೊಟ್ಟಿದ್ದೆ. ಆದರೂ ಎರಡು ಸಲ ಗ್ರಾಫ್ ನೋಡಿದೆ, ಸುಳ್ಳು ಹೇಳಲ್ಲ.

ಆಪರೇಷನ್ ಚೆನ್ನಾಗಾಯ್ತು. ಹೊರಗೆ ಬಂದ ಅಮ್ಮ ಕೇಳಿದ ಮೊದಲ ಮಾತು, "ಆಫೀಸಿಂದ ಫೋನ್ ಬಂತಾ?" ಅಂತ. ಬಂದಿರಲಿಲ್ಲ. ಆ ಹತ್ತು ದಿನದಲ್ಲಿ ಒಮ್ಮೆ ಬ್ಯಾಂಕಿಗೆ ಹೋಗಿ ಅವಳ ಖಾತೆಗೆ ಅವಳದೇ ನಂಬರ್ ಹಾಕಿಸಿ ಬಂದೆವು. ಮೊದಲ ಓಟಿಪಿ ಬಂದಾಗ, ಆರೂ ಅಂಕಿಗಳನ್ನು ಇಡೀ ಮನೆಗೆ ಕೇಳಿಸೋ ಹಾಗೆ ಓದಿದಳು. ಯಾರಿಗೂ ಹೇಳಬಾರದು ಅಂತ ಹೇಳಿಕೊಡೋಕೆ ಇನ್ನರ್ಧ ಗಂಟೆ ಹಿಡೀತು.

ಪಟ್ಟಿ ಬಿಚ್ಚಿದ್ದು ಆಪರೇಷನ್ ಮರುದಿನ ಬೆಳಗ್ಗೆ. ಮನೆಗೆ ಬಂದು ನಡುಮನೆಯಲ್ಲಿ ಕೂತು, ಸ್ವಲ್ಪ ಹೊತ್ತು ಸುಮ್ಮನೆ ಗೋಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ಸಿಟ್ಟಿನಲ್ಲೇ ಕೇಳಿದಳು:

"ಗೋಡೆ ಇಷ್ಟು ಕೊಳೆ ಆಗಿದ್ಯಾ? ಯಾಕೆ ಯಾರೂ ಹೇಳಲಿಲ್ಲ ನಂಗೆ?"